ಮಗು ಕ್ಷೇಮ

ಮನೆ ಭೇಟಿ ಪುಸ್ತಕ ತುಂಬಿಸಲು ನನಗೆ ಒಂದು ಮಧ್ಯಾಹ್ನ ಸಾಕಾಗುತ್ತಿತ್ತು. ಮಕ್ಕಳು ಉಂಡು ಮನೆಗೆ ಹೋದ ಮೇಲೆ, ಆಯಾ ಸರಸ್ವತಮ್ಮ ಹಿಂದೆ ಪಾತ್ರೆ ತಿಕ್ಕುತ್ತಿರುವಾಗ, ಕಿಟಕಿ ಪಕ್ಕ ಚಾಪೆ ಹಾಕಿಕೊಂಡು ಕೂತರೆ ಇಡೀ ತಿಂಗಳ ಭೇಟಿ ಮುಗಿದುಹೋಗುತ್ತಿತ್ತು. ಮೂರನೇ ತಾರೀಕು ಈ ಮನೆ, ಆರನೇ ತಾರೀಕು ಆ ಮನೆ. ಎಲ್ಲ ಹೆಸರಿನ ಮುಂದೂ ಅದೇ ಮಾತು: ‘ಮನೆಗೆ ಭೇಟಿ ನೀಡಲಾಯಿತು. ಮಗು ಕ್ಷೇಮ.’ ಭಾನುವಾರ ಬರದ ಹಾಗೆ ನೋಡಿಕೊಳ್ಳಬೇಕು, ಹಬ್ಬದ ರಜೆ ಬರದ ಹಾಗೆ ನೋಡಿಕೊಳ್ಳಬೇಕು. ಎರಡು ಪೆನ್ನು ಬದಲಾಯಿಸಿಕೊಂಡು ಬರೆದರೆ ಬೇರೆ ಬೇರೆ ದಿನ ಬರೆದ ಹಾಗೆ ಕಾಣುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ನನಗಿಂತ ಹಿರಿಯ ಟೀಚರು, ನಾನು ಇನ್ನೂ ನಾಲ್ಕು ಜನಕ್ಕೆ ಹೇಳಿಕೊಟ್ಟಿದ್ದೇನೆ.

ನಾನು ಅರುಣಕುಮಾರಿ. ಊರಿಗಾಂ ದಾಟಿ, ಗಣಿಯ ಮಣ್ಣಿನ ದಿಬ್ಬಗಳನ್ನು ಬಳಸಿಕೊಂಡು ಬಂಗಾರಪೇಟೆ ಕಡೆ ಬರುವಾಗ ಎಡಕ್ಕೆ ತಿರುಗಿದರೆ ಸಿಗುವ ಹಳ್ಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಂಗನವಾಡಿ ಟೀಚರು. ಮನೆ ಮನೆಗೆ ನಿಜವಾಗಿ ಹೋಗಬಾರದಿತ್ತಾ ಎಂದು ಕೇಳುವವರು ಒಂದು ತಿಂಗಳು ನನ್ನ ಕುರ್ಚಿಯಲ್ಲಿ ಕೂತು ನೋಡಲಿ. ಬಸುರಿಯರ ಪಟ್ಟಿ, ಬಾಣಂತಿಯರ ಪಟ್ಟಿ, ಮೊಟ್ಟೆ ಪುಸ್ತಕ, ಹಾಲಿನ ಪುಡಿ ಪುಸ್ತಕ, ಫೋನಿನಲ್ಲಿ ಮತ್ತೆ ಅದೆಲ್ಲ ಇನ್ನೊಂದು ಸಲ. ಚುನಾವಣೆ ಬಂದರೆ ಓಟಿನ ಚೀಟಿ ಹಂಚುವುದೂ ನಾವೇ. ಊರಿನಲ್ಲಿ ನಾಯಿ ಎಷ್ಟಿವೆ ಎಂದು ಎಣಿಸಲು ಇನ್ನೂ ಹೇಳಿಲ್ಲ, ಅದೊಂದು ಬಾಕಿ. ಹೀಗೆ ಹೇಳಿ ಹೇಳಿಯೇ ನನ್ನ ಮನಸ್ಸಿಗೆ ನಾನು ಸಮಾಧಾನ ಮಾಡಿಕೊಂಡಿದ್ದೆ.

ಬರೆಯುವಾಗ ಬಾಯಿಬಿಟ್ಟು ಓದಿಕೊಳ್ಳುವುದು ನನಗೊಂದು ಚಾಳಿ. ಅದನ್ನು ಕೇಳಿ ಕೇಳಿ ಮಕ್ಕಳಿಗೂ ಅದೇ ಆಟವಾಗಿತ್ತು. ಒಬ್ಬಳು ಸ್ಲೇಟು ಹಿಡಿದು ಟೀಚರಾಗುವುದು, ಉಳಿದವರು ಸಾಲಾಗಿ ನಿಲ್ಲುವುದು, ಅವಳು ಗೀಚುತ್ತಾ ‘ಮಗು ಕ್ಷೇಮ, ಮುಂದೆ ಓಗು’ ಎನ್ನುವುದು. ಸರಸ್ವತಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಆ ಆಟದಲ್ಲಿ ಭಾನು ಯಾವಾಗಲೂ ಸಾಲಿನ ಕೊನೆಯಲ್ಲಿ. ಭಾನುಪ್ರಿಯ, ನಾಲ್ಕು ವರ್ಷ ತುಂಬಿದ ಹುಡುಗಿ. ಅವಳ ಅಮ್ಮ ಸುಮಲತ ನಸುಕಿಗೇ ರೈಲು ಹತ್ತಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದರೆ ಕತ್ತಲಾದ ಮೇಲೆಯೇ ವಾಪಸ್ಸು. ಅಪ್ಪ ಗಿರಿ ಲಾರಿ ಓಡಿಸುತ್ತಾನೆ, ಹದಿನೈದು ದಿನಕ್ಕೊಮ್ಮೆ ಮುಖ ತೋರಿಸುತ್ತಾನೆ. ಮನೆಯಲ್ಲಿ ಮಗು, ನಾಲ್ಕು ಸೀಮೆಹಸು, ಅಜ್ಜಿ ವರಲಕ್ಷ್ಮಮ್ಮ. ವರಲಕ್ಷ್ಮಮ್ಮ ಎಂದರೆ ಊರಿಗೆಲ್ಲ ಮರ್ಯಾದೆ. ಡೇರಿಗೆ ಹೆಚ್ಚು ಹಾಲು ಹಾಕುವ ಮನೆ, ನಮ್ಮ ಅಂಗನವಾಡಿಗೆ ಜಾಗ ಬಿಟ್ಟುಕೊಟ್ಟವರೂ ಅವರ ಗಂಡನೇ. ಆ ಮನುಷ್ಯ, ಭಾನು ಹುಟ್ಟಿದ ವಾರಕ್ಕೇ ಎದೆನೋವು ಬಂದು ಹೋಗಿಬಿಟ್ಟ.

ಮೊದಲು ಕಂಡಿದ್ದು ಸರಸ್ವತಮ್ಮನಿಗೆ. ಜೂನ್ ತಿಂಗಳು. ‘ಮಿಸ್ಸು, ಈ ಮಗೀನ ನೋಡಿ, ತಟ್ಟೆ ನೆಕ್ತಾ ಐತೆ. ಪಕ್ಕದೋರ್ ಚೆಲ್ಲಿದ್ ಅನ್ನಾನೂ ಆಯ್ಕಂಡ್ ತಿಂತದೆ’ ಎಂದಳು. ನಾನು ಇನ್ನೊಂದು ಸೌಟು ಬಡಿಸು ಎಂದೆ. ಅದೇ ದಿನ ತೂಕ ಮಾಡಲು ಎತ್ತಿದಾಗ ಎಡಗಾಲಿನ ಹರಡಿನ ಸುತ್ತ ಕೆಂಪಗೆ ಉಜ್ಜಿದ ಗುರುತು ಕಾಣಿಸಿತು. ಊಟವಾದ ಮೇಲೆ ಮಗುವನ್ನು ಕರೆದುಕೊಂಡು ಹೋಗಲು ಬಂದ ವರಲಕ್ಷ್ಮಮ್ಮನನ್ನು ಕೇಳಿದೆ.

‘ಗೆಜ್ಜೆ ಬಿಗಿಯಾಗಿತ್ತು ಕಣಮ್ಮ. ತಗ್ದು ಪೆಟ್ಗೇಗಿಟ್ಟಿದೀನಿ’ ಎಂದಳು ಆಕೆ, ನಗುತ್ತಾ.

ಒಂದೇ ಕಾಲಿಗೆ ಗೆಜ್ಜೆ ಹಾಕುತ್ತಾರಾ ಎಂದು ಕೇಳಬೇಕಿತ್ತು. ಮನಸ್ಸಿಗೆ ಹೊಳೆಯಿತು ಕೂಡ. ಕೇಳಲಿಲ್ಲ.

ತೂಕ ಹತ್ತು ಕಿಲೋ ಒಂಬೈನೂರು. ಆ ವಯಸ್ಸಿಗೆ ಅದು ಕೆಂಪು, ಅಂದರೆ ಮಗು ತೀರಾ ಸೊರಗಿದೆ ಎಂದು. ಕೆಂಪು ಬಂತೆಂದರೆ ಫೋನು ಬಡಿದುಕೊಳ್ಳುತ್ತದೆ, ಸೂಪರ್‌ವೈಜರ್ ಕೇಳುತ್ತಾರೆ, ತಿಂಗಳ ಮೀಟಿಂಗಿನಲ್ಲಿ ಎದ್ದು ನಿಲ್ಲಿಸುತ್ತಾರೆ. ಮಗುವನ್ನು ಹದಿನಾಲ್ಕು ದಿನ ಆಸ್ಪತ್ರೆಗೆ ಸೇರಿಸಬೇಕು, ಜೊತೆಗೆ ತಾಯಿ ಇರಬೇಕು. ಸುಮಲತ ಬರುತ್ತಾಳಾ? ಹದಿನಾಲ್ಕು ದಿನ ಹೋಗದಿದ್ದರೆ ಕೆಲಸದಿಂದ ತೆಗೆಯುತ್ತಾರೆ. ಅದಕ್ಕೇ ನಮ್ಮಲ್ಲಿ ಎಲ್ಲರೂ ಮಾಡುವುದನ್ನು ನಾನೂ ಮಾಡಿದೆ. ಹನ್ನೆರಡು ಕಿಲೋ ಎಂದು ಹಾಕಿದೆ. ಹಳದಿ ಬಂತು. ಹಳದಿಗೆ ಯಾರೂ ಬಯ್ಯುವುದಿಲ್ಲ. ಮುಂದಿನ ತಿಂಗಳು ಇನ್ನೂರು ಗ್ರಾಂ ಸೇರಿಸಿದೆ, ಅದರ ಮುಂದಿನ ತಿಂಗಳು ಇನ್ನೂರು. ಕಾಗದದ ಮೇಲೆ ಭಾನು ಚೆನ್ನಾಗಿ ಬೆಳೆಯುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಅವಳು ನಾಲ್ಕು ದಿನ ಬರಲಿಲ್ಲ. ನಾನು ವಿಚಾರಿಸಲು ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಐದನೇ ದಿನ ಹೋದದ್ದು ಫೋಟೋಗೆ. ಮನೆಗೆ ಹೋದಾಗ ಮಗುವಿನ ಫೋಟೋ ತೆಗೆದು ಫೋನಿನಲ್ಲಿ ಹಾಕಬೇಕೆಂದು ಹೊಸ ಆದೇಶ ಬಂದಿತ್ತು. ನನ್ನ ಪುಸ್ತಕದ ಸುಳ್ಳು ಭೇಟಿಗಳ ನಡುವೆ ಅದೊಂದೇ ನಿಜವಾದ ಭೇಟಿ.

ಮುಂಬಾಗಿಲು ಮುಂದೆ ಮಾಡಿತ್ತು. ಕೂಗಿದೆ, ಯಾರೂ ಬರಲಿಲ್ಲ. ಹಿಂದಿನ ಕೊಟ್ಟಿಗೆಗೆ ಹೋದೆ. ಹಸುಗಳು ಮೇಯಲು ಹೋಗಿದ್ದವು. ಕರುವಿನ ಗೂಟಕ್ಕೆ ಭಾನುವನ್ನು ಕಟ್ಟಿತ್ತು. ಎಡಗಾಲಿಗೆ ಕರುವಿನ ಹಗ್ಗ, ಎರಡು ಗಂಟು. ಪಕ್ಕದಲ್ಲಿ ಒಂದು ಸ್ಟೀಲ್ ಲೋಟ, ಅದರಲ್ಲಿ ನೀರೂ ಇರಲಿಲ್ಲ. ಚೆಡ್ಡಿಯೆಲ್ಲ ಒದ್ದೆ. ನನ್ನನ್ನು ನೋಡಿ ಅಳಲಿಲ್ಲ, ಎದ್ದು ನಿಂತು ‘ಗುಡ್ ಮಾರ್ನಿಂಗ್ ಮಿಸ್’ ಎಂದಳು. ನಾನೇ ಕಲಿಸಿದ್ದು.

ಅಷ್ಟರಲ್ಲಿ ವರಲಕ್ಷ್ಮಮ್ಮ ಹುಲ್ಲಿನ ಹೊರೆ ಹೊತ್ತುಕೊಂಡು ಬಂದಳು. ಹೊರೆ ಇಳಿಸಿ, ಏನೂ ಆಗಿಯೇ ಇಲ್ಲ ಎನ್ನುವಂತೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

‘ಏನಮ್ಮಾ ಇದು? ಮಗೂನ ಹಿಂಗೆ ಕಟ್ತಾರಾ?’ ಎಂದೆ.

‘ಮತ್ತೇನ್ ಮಾಡ್ಲಿ ಟೀಚರಮ್ಮ? ನಾನು ಒಲಕ್ಕೋದ್ರೆ ಇದು ರೋಡಿಗೋಗ್ತದೆ. ಲಾರಿ ಕೆಳಗೆ ಬಿದ್ರೆ ನೀನು ಬತ್ತೀಯಾ?’ ಆಕೆಯ ದನಿ ತಣ್ಣಗಿತ್ತು. ಗೂಟದ ಕಡೆ ನೋಡಿ ಮುಂದುವರಿಸಿದಳು. ‘ಇದ್ರ ಕಾಲ್ಗುಣ ನಿಂಗೇನ್ ಗೊತ್ತು. ಉಟ್ಟಿದ್ ವಾರಕ್ಕೇ ನನ್ ಯಜಮಾನ್ನ ನುಂಗ್ಕಂತು. ಓದ್ ವರ್ಷ ಇದು ಎದುರಿಗ್ ಬಂದ್ ದಿನಾನೇ ಗಬ್ಬದ ಅಸಾ ಸತ್ತೋಯ್ತು. ಆಲು ಕರಿಯೋ ಒತ್ನಲ್ಲಿ ಆ ಕಾಲು ಕೊಟ್ಗೇಲಿ ಆಡ್ಬಾರ್ದು. ಒಂದ್ ಕಡೆ ಬಿದ್ದಿರ್ಲಿ.’

‘ಊಟ?’

‘ಆಕ್ತೀನಿ. ಅಸುಗೊಳ್ ಆದ್ಮೇಲೆ.’

ನನ್ನ ಕೈಯಲ್ಲಿ ಫೋನಿತ್ತು. ಫೋಟೋ ತೆಗೆಯಲೆಂದೇ ಹೋಗಿದ್ದೆ. ಹಗ್ಗ, ಗೂಟ, ಮಗು, ಎಲ್ಲ ಎದುರಿಗೇ ಇತ್ತು, ಒಂದು ಬೆರಳು ಒತ್ತಿದ್ದರೆ ಸಾಕಿತ್ತು. ವರಲಕ್ಷ್ಮಮ್ಮ ನನ್ನ ಫೋನು ನೋಡಿದಳು, ನನ್ನ ಮುಖ ನೋಡಿದಳು. ‘ಪಟ ಇಡೀಬೇಕಾ? ತಾಳು’ ಎಂದು ಹಗ್ಗ ಬಿಚ್ಚಿ, ಮಗುವಿನ ಮುಖ ತೊಳೆದು, ಹೂವಿನ ಫ್ರಾಕು ಹಾಕಿ, ತಲೆ ಬಾಚಿ, ತುಳಸಿ ಕಟ್ಟೆ ಮುಂದೆ ನಿಲ್ಲಿಸಿದಳು. ‘ನಗೇ’ ಎಂದಳು. ಭಾನು ನಕ್ಕಳು. ನಾನು ಕ್ಲಿಕ್ ಮಾಡಿದೆ. ಥೂ, ನನ್ನ ಜನ್ಮಕ್ಕೆ. ಅಲ್ಲೇ ಜಗಲಿಯಲ್ಲಿ ಕೂತು ಆಕೆ ಕೊಟ್ಟ ಕಾಫಿ ಕುಡಿದು ಫೋಟೋ ಕಳಿಸಿದೆ, ಕೆಳಗೆ ‘ಮಗು ಕ್ಷೇಮ’ ಎಂದು ಒತ್ತಿದೆ.

ಮೂರು ದಿನ ಕಳೆಯಿತು. ಭಾನುವಾರ ಸುಮಲತಳನ್ನು ಬೋರ್‌ವೆಲ್ ಹತ್ತಿರ ಹಿಡಿದೆ. ಕೊಡ ಕೆಳಗಿಟ್ಟವಳು ನಾನು ಬಾಯಿ ತೆರೆಯುವ ಮೊದಲೇ ಅತ್ತಳು.

‘ಗೊತ್ತಕ್ಕಾ, ಎಲ್ಲಾ ಗೊತ್ತು. ರಾತ್ರಿ ಬಂದು ಕಾಲಿಗೆ ಎಣ್ಣೆ ಅಚ್ಚೋಳು ನಾನೇ ಅಲ್ವಾ? ಅತ್ತೆ ಎದ್ರಿಗೆ ಮಾತಾಡಿದ್ರೆ ಮಗೂನ ನೋಡ್ಕಳೋರ್ ಯಾರು, ನಾನ್ ಕೆಲ್ಸಕ್ ಎಂಗ್ ಓಗ್ಲಿ? ಇವ್ರಿಗ್ ಏಳುದ್ರೆ ನಮ್ಮವ್ವನ್ ಮೇಲೆ ಚಾಡಿ ಏಳ್ತೀಯಾ ಅಂತಾರೆ.’ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದಳು. ‘ನೀವು ಸರ್ಕಾರದೋರು, ನೀವ್ ಏಳಿ ಅಕ್ಕಾ. ನನ್ ಎಸ್ರು ತರ್ಬೇಡಿ. ಅದುನ್ನ ಆ ಗೂಟದಿಂದ ಬಿಡ್ಸಿ, ಇನ್ನೇನೂ ಬೇಡ.’

ಅವಳ ಹೆಸರು ತರಬಾರದು, ಸರಿ. ನನ್ನ ಹೆಸರೂ ತರಬಾರದು ಎಂದು ನನಗೂ ಇತ್ತು. ಮಾರನೇ ದಿನ ಬಂಗಾರಪೇಟೆಗೆ ಹೋಗಿ, ರೈಲ್ವೆ ಸ್ಟೇಷನ್ ಹೊರಗೆ ನಿಂತು, ಮಕ್ಕಳ ಸಹಾಯವಾಣಿ ಒಂದು ಸೊನ್ನೆ ಒಂಬತ್ತು ಎಂಟಕ್ಕೆ ಫೋನು ಮಾಡಿದೆ. ಊರು ಹೇಳಿದೆ, ಮನೆ ಹೇಳಿದೆ, ಹಗ್ಗ ಹೇಳಿದೆ. ‘ನೀವ್ಯಾರು ಮೇಡಂ?’ ಎಂದರು. ‘ಊರಿನವಳು’ ಎಂದು ಇಟ್ಟುಬಿಟ್ಟೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಎಷ್ಟು ಹಗುರಾಗಿದ್ದೆನೆಂದರೆ, ಇಳಿದು ಮಕ್ಕಳಿಗೆಲ್ಲ ಕಡಲೆಮಿಠಾಯಿ ತೆಗೆದುಕೊಂಡೆ.

ಎರಡನೇ ದಿನಕ್ಕೇ ಅವರು ಬಂದರು. ವಿಜಯಕುಮಾರ್ ಎಂದು ಮಕ್ಕಳ ರಕ್ಷಣೆಯ ಅಧಿಕಾರಿ, ಒಳ್ಳೆಯ ಹುಡುಗ. ಮೊದಲು ಅಂಗನವಾಡಿಗೇ ಬಂದು, ನೆಲದ ಮೇಲೆ ಕೂತು, ಮತ್ತೆ ಬರತೊಡಗಿದ್ದ ಭಾನುವಿನ ಜೊತೆ ಆಟ ಆಡಿದ. ಅರ್ಧ ಗಂಟೆಯಾದ ಮೇಲೆ ಕಾಲು ತೋರಿಸಿ ‘ಇದೇನು ಪುಟ್ಟ?’ ಎಂದ.

ಭಾನು ನನ್ನ ಕಡೆ ನೋಡಿದಳು. ನಾನು ತಲೆ ಆಡಿಸಿದೆ, ಹೇಳು ಎಂದು.

‘ಅಜ್ಜಿ ಕಟ್ಟಾಕ್ತಳೆ’ ಎಂದಳು. ‘ಕರೂನ್ ಜಾಗದಲ್ಲಿ.’

ನಾಲ್ಕು ವರ್ಷದ ಮಗು ಅಷ್ಟು ಧೈರ್ಯ ಮಾಡಿತು. ವಿಜಯಕುಮಾರ್ ಅದನ್ನು ಹಾಗೇ ಬರೆದುಕೊಂಡ. ಆಮೇಲೆ ಎದ್ದು, ‘ಮೇಡಂ, ನಿಮ್ಮ ತೂಕದ ಪುಸ್ತಕ, ಮನೆ ಭೇಟಿ ಪುಸ್ತಕ ಎರಡೂ ಬೇಕು. ಮಕ್ಕಳ ಕಲ್ಯಾಣ ಸಮಿತಿ ಮುಂದೆ ಇಡಬೇಕು. ಸೋಮವಾರ ನೀವೂ ಬರಬೇಕು’ ಎಂದ. ಫೋನು ಮಾಡುವಾಗ ಈ ಪುಸ್ತಕಗಳ ನೆನಪೇ ನನಗೆ ಬಂದಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ಇಪ್ಪತ್ತೆರಡು ವರ್ಷದಲ್ಲಿ ಅದನ್ನು ಯಾರಾದರೂ ಓದುತ್ತಾರೆ ಎಂದು ನನಗೆ ಒಂದು ದಿನವೂ ಅನಿಸಿರಲಿಲ್ಲ.

ಸೋಮವಾರ ಬೆಳಿಗ್ಗೆ ಸೂಪರ್‌ವೈಜರ್ ಅಂಬಿಕ ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲೇ ನನಗಾಗಿ ಕಾಯುತ್ತಿದ್ದಳು. ಕೆಜಿಎಫ್‌ನ ತಮಿಳು ಮನೆಯ ಹುಡುಗಿ, ನನಗಿಂತ ಹದಿನೈದು ವರ್ಷ ಚಿಕ್ಕವಳು. ಅವತ್ತು ಮುಖ ಬಿಳಿಚಿಕೊಂಡಿತ್ತು.

‘ಎನ್ನಮ್ಮಾ ಇದು ಅರುಣಮ್ಮಾ, ಯಾರು ಫೋನ್ ಮಾಡಿದ್ದು? ಯಾರಾದ್ರೂ ಆಗ್ಲಿ ಬಿಡಿ.’ ನನ್ನನ್ನು ಗೋಡೆ ಪಕ್ಕಕ್ಕೆ ಎಳೆದುಕೊಂಡಳು. ‘ಒಳಗೆ ಏನ್ ಕೇಳಿದ್ರೂ ಪುಸ್ತಕದಲ್ಲಿ ಏನಿದೆಯೋ ಅದೇ ಹೇಳಿ. ಪುಸ್ತಕ ಸುಳ್ಳು ಅಂದ್ರೆ ನಿಮ್ ಕೆಲ್ಸ ಇವತ್ತೇ ಹೋಯ್ತು. ಒಂದೊಂದು ಪೇಜಲ್ಲೂ ನನ್ ಸೈನಿದೆ, ನನ್ನೂ ಬಿಡಲ್ಲ. ನಂಗೂ ಮಕ್ಳಿದಾರೆ ಅಮ್ಮಾ.’

ಜಿಲ್ಲಾ ಕಚೇರಿಯಲ್ಲಿ ಉದ್ದನೆಯ ಮೇಜಿನ ಹಿಂದೆ ಸಮಿತಿಯ ಮೂವರು ಕೂತಿದ್ದರು. ಕೆಟ್ಟ ಜನ ಅಲ್ಲ, ಆ ಮಾತು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ನಡುವೆ ಕೂತಿದ್ದ ಹಿರಿಯರು ಭಾನುವಿಗೆ ಬಿಸ್ಕತ್ತು ಕೊಟ್ಟರು. ಭಾನು ಬಿಸ್ಕತ್ತನ್ನು ಫ್ರಾಕಿನ ಜೇಬಿಗೆ ಹಾಕಿಕೊಂಡು, ಸೀದಾ ನನ್ನ ಹತ್ತಿರ ಬಂದು ನನ್ನ ಸೀರೆ ನೆರಿಗೆ ಹಿಡಿದುಕೊಂಡು ನಿಂತಳು. ಅಜ್ಜಿ ಹತ್ತಿರ ಹೋಗಲಿಲ್ಲ, ಅಮ್ಮನ ಹತ್ತಿರವೂ ಹೋಗಲಿಲ್ಲ. ಸುಮಲತ ಅತ್ತೆಯ ಪಕ್ಕ ತಲೆ ತಗ್ಗಿಸಿ ಕೂತಿದ್ದಳು. ‘ನಂಗ್ ಗೊತ್ತಿಲ್ಲ ಸಾರ್, ನಾನ್ ಡ್ಯೂಟಿಗ್ ಓಗಿರ್ತೀನಿ’ ಎಂದು ಮೊದಲೇ ಹೇಳಿಯಾಗಿತ್ತು. ಅದನ್ನು ಕೇಳಿ ನನಗೆ ಅವಳ ಮೇಲೆ ಎಂಥ ಸಿಟ್ಟು ಬಂತು! ಹೆತ್ತ ತಾಯಿ ಹಿಂಗೆ ಹೇಳ್ತಾಳಲ್ಲ ಎಂದು ಹಲ್ಲು ಕಡಿದೆ.

ವರಲಕ್ಷ್ಮಮ್ಮ ಸೆರಗಿನ ಗಂಟಿನಿಂದ ಒಂದು ಜೊತೆ ಸಣ್ಣ ಗೆಜ್ಜೆ ತೆಗೆದು ಮೇಜಿನ ಮೇಲಿಟ್ಟಳು. ‘ಇದು ಬಿಗಿಯಾಗಿ ಆಗಿರೋ ಗಾಯ ಸ್ವಾಮೀ. ಯಾರೋ ಒಟ್ಟೆಕಿಚ್ಚಿಗೆ ಇಲ್ಲದ್ದು ಏಳವ್ರೆ. ಮಗು ಏನ್ ಏಳ್ಕೊಟ್ರೂ ಏಳ್ತದೆ. ಬೇಕಾದ್ರೆ ಟೀಚರಮ್ಮನ್ನೇ ಕೇಳಿ, ಮನೇಗ್ ಬಂದ್ ಓಗೋಳು ಅವಳೇ.’

ಹಿರಿಯರು ನನ್ನ ಪುಸ್ತಕ ತಿರುವಿದರು. ಜೂನ್, ಜುಲೈ, ಆಗಸ್ಟ್. ಹನ್ನೆರಡು, ಹನ್ನೆರಡೂ ಇನ್ನೂರು, ಹನ್ನೆರಡೂ ನಾನೂರು. ‘ತೂಕ ಏರ್ತಾನೇ ಇದೆಯಲ್ಲ’ ಎಂದು ಪಕ್ಕದವರಿಗೆ ತೋರಿಸಿದರು. ಮಗು ಎದುರಿಗೇ ನಿಂತಿತ್ತು, ಎಲುಬು ಎಣಿಸುವ ಹಾಗೆ. ಆದರೆ ಆ ಕೋಣೆಯಲ್ಲಿ ತೂಕದ ಮಷೀನು ಇರಲಿಲ್ಲ, ನನ್ನ ಪುಸ್ತಕ ಇತ್ತು. ಆಮೇಲೆ ಮನೆ ಭೇಟಿ ಪುಸ್ತಕ. ಕೊನೆಗೆ ಫೋನಿನ ಫೋಟೋವನ್ನು ದೊಡ್ಡದಾಗಿ ಮುದ್ರಿಸಿ ತಂದಿದ್ದರು. ತುಳಸಿ ಕಟ್ಟೆ, ಹೂವಿನ ಫ್ರಾಕು, ನಗು.

‘ಇದು ನೀವೇ ತೆಗೆದ ಫೋಟೋ ತಾನೇ ಅಮ್ಮ?’

‘ಹೌದು ಸಾರ್.’

‘ಅವತ್ತು ಮನೆಯಲ್ಲಿ ಮಗು ಹೇಗಿತ್ತು? ಹೆದರಬೇಡಿ, ಕಂಡಿದ್ದನ್ನ ಹೇಳಿ.’

ಎಷ್ಟು ಸಲೀಸಾದ ಪ್ರಶ್ನೆ! ಕಟ್ಟಿಹಾಕಿತ್ತು ಸಾರ್, ಫೋನು ಮಾಡಿದವಳು ನಾನೇ ಸಾರ್, ಆ ಪುಸ್ತಕವೆಲ್ಲ ಸುಳ್ಳು ಸಾರ್. ಮೂರು ಮಾತು ಸಾಕಿತ್ತು. ಬಾಗಿಲ ಹತ್ತಿರ ಅಂಬಿಕ ನಿಂತಿದ್ದಳು, ಕೈಯಲ್ಲಿ ಕರ್ಚೀಫು ಹಿಂಡುತ್ತಾ. ನನ್ನ ಕಣ್ಣ ಮುಂದೆ ಬಂದದ್ದು ನನ್ನ ಇಪ್ಪತ್ತೆರಡು ವರ್ಷ, ಬಾಗಿಲಿಗೆ ಬೀಗ ಹಾಕಿ ಕೀಲಿ ಇನ್ನೊಬ್ಬಳಿಗೆ ಕೊಡುವುದು, ಊರವರ ಬಾಯಿ.

‘ಚೆನ್ನಾಗಿತ್ತು ಸಾರ್’ ಎಂದೆ. ‘ಕ್ಷೇಮವಾಗಿತ್ತು.’

ನನ್ನ ನೆರಿಗೆಯಲ್ಲಿ ಇದ್ದ ಸಣ್ಣ ಕೈ ಬಿಟ್ಟುಹೋಯಿತು. ನಾನು ಕೆಳಗೆ ನೋಡಲಿಲ್ಲ. ಭಾನು ನಡೆದುಕೊಂಡು ಹೋಗಿ ಅಜ್ಜಿಯ ಪಕ್ಕ ನಿಂತಳು. ಅವಳಿಗೆ ಹೋಗಲು ಬೇರೆ ಜಾಗ ಇರಲಿಲ್ಲ.

ಮಗುವನ್ನು ಮನೆಗೇ ಕಳಿಸಿದರು. ಆದರೂ ಅನುಮಾನ ಪೂರ್ತಿ ಹೋಗಿರಲಿಲ್ಲ, ಅದಕ್ಕೆ ಒಂದು ಕಟ್ಟಳೆ ಮಾಡಿದರು. ಟೀಚರು ಆರು ತಿಂಗಳು ಪ್ರತಿ ವಾರ ಆ ಮನೆಗೆ ಹೋಗಬೇಕು, ಕಂಡದ್ದನ್ನು ಪುಸ್ತಕದಲ್ಲಿ ಬರೆಯಬೇಕು. ಮಗುವಿಗೆ ಕಾವಲು ಎಂದು ಅವರು ಕೊಟ್ಟದ್ದು ನನ್ನ ಪುಸ್ತಕವನ್ನು. ವಿಜಯಕುಮಾರ್ ಮೆಟ್ಟಿಲ ಹತ್ತಿರ ನನ್ನನ್ನು ಒಂದು ಗಳಿಗೆ ನೋಡಿದ, ಏನೂ ಕೇಳದೆ ಬೈಕು ಹತ್ತಿದ. ಉಗಿದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಆಮೇಲೆ ನಾನು ಎಲ್ಲ ಮನೆಗೂ ಹೋಗಲು ಶುರುಮಾಡಿದೆ, ನಿಜವಾಗಿ. ಬಿಸಿಲಲ್ಲಿ ಚಪ್ಪಲಿ ಸವೆಸಿಕೊಂಡು ಹೋಗುವುದು ನೋಡಿ ಸರಸ್ವತಮ್ಮ, ‘ಏನ್ ಮಿಸ್ಸು, ಈ ವಯಸ್ಸಲ್ಲಿ ಪ್ರಮೋಷನ್ ಬೇಕಾ?’ ಎಂದು ಛೇಡಿಸಿದಳು. ಪ್ರತಿ ಗುರುವಾರ ವರಲಕ್ಷ್ಮಮ್ಮನ ಮನೆ. ದಿನ ಆಕೆಗೂ ಗೊತ್ತು. ಕಾಫಿ ತಯಾರಾಗಿರುತ್ತಿತ್ತು, ಹೂವಿನ ಫ್ರಾಕು ತಯಾರಾಗಿರುತ್ತಿತ್ತು. ಭಾನುವಿನ ಎರಡೂ ಕಾಲಿಗೆ ಹೊಸ ಬೆಳ್ಳಿ ಗೆಜ್ಜೆ, ಎರಡು ಬೆರಳು ಅಗಲದ್ದು. ‘ನೋಡಮ್ಮ, ಯಾರೂ ಏನೂ ಅನ್ಬಾರ್ದು ಅಂತ ಮಾಡ್ಸಾಕಿದೀನಿ’ ಎನ್ನುತ್ತಿದ್ದಳು. ಬೇರೆ ದಿನ ಹೋದರೆ ಬಾಗಿಲಿಗೆ ಬೀಗ, ಕೊಟ್ಟಿಗೆಗೂ ಬೀಗ.

ತೂಕವನ್ನು ಮಾತ್ರ ಅಕ್ಟೋಬರಿನಲ್ಲೂ ಹಳೆಯ ಸುಳ್ಳಿಗೇ ಸೇರಿಸಿ ಬರೆದಿದ್ದೆ. ನವೆಂಬರಿನ ತೂಕದ ದಿನ ಬಂತು. ಭಾನು ಸಾಲಿನ ಕೊನೆಯಲ್ಲಿ ನಿಂತಿದ್ದಳು. ಮಷೀನು ಹತ್ತು ಕಿಲೋ ನಾನೂರು ತೋರಿಸಿತು. ಹತ್ತು ನಾನೂರು ಎಂದೇ ಒತ್ತಿದೆ. ಕೆಂಪು ಬಂತು. ಹತ್ತು ನಿಮಿಷಕ್ಕೆ ಅಂಬಿಕಳ ಫೋನು.

‘ಅರುಣಮ್ಮಾ, ತಪ್ಪು ಒತ್ತಿದೀರ ನೋಡಿ. ಹೋದ ತಿಂಗಳು ಹನ್ನೆರಡೂ ಎಂಟುನೂರು ಇತ್ತಲ್ಲ.’

‘ಈಗ ಒತ್ತಿದ್ದೇ ಸರಿ. ಹಿಂದಿನದೆಲ್ಲ ಸುಳ್ಳು. ಇವತ್ತೇ ಕಾಗದದಲ್ಲಿ ಬರೆದು ತಂದು ಕೊಡ್ತೀನಿ, ಆ ವಿಜಯಕುಮಾರ್‌ಗೂ ಕೊಡ್ತೀನಿ. ಕೆಲಸ ತೆಗೀತೀರೋ, ತೆಗೀರಿ’ ಎಂದೆ. ಆ ಕಡೆ ಅಂಬಿಕ ಅಳುತ್ತಿದ್ದಳು. ಫೋನು ಇಟ್ಟೆ. ಎಷ್ಟೋ ದಿನದ ಮೇಲೆ ಎದೆ ಸರಾಗವಾಗಿ ಉಸಿರಾಡಿತು. ಈಗ ಬೇಕಾದದ್ದು ಒಂದೇ, ಮಗುವಿನ ಬಾಯಿಂದ ಇನ್ನೊಂದು ಸಲ ಆ ಮಾತು. ಅವತ್ತು ವಿಜಯಕುಮಾರ್‌ಗೆ ಹೇಳಿದಳಲ್ಲ, ಹಾಗೆ.

ಭಾನುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಡಗಾಲಿನ ಗೆಜ್ಜೆಯ ತಿರುಪು ಬಿಚ್ಚಿದೆ. ಕೆಳಗೆ ಚರ್ಮವೇ ಇರಲಿಲ್ಲ, ಕೀವು ಕಟ್ಟಿತ್ತು. ಸರಸ್ವತಮ್ಮ ‘ಅಯ್ಯೋ ದೇವುಡಾ’ ಎಂದು ಮುಖ ತಿರುಗಿಸಿಕೊಂಡಳು.

‘ಇದು ಯಾರು ಮಾಡಿದ್ದು ಕಂದಾ? ಹೇಳು. ಈ ಸಲ ಮಿಸ್ಸು ನಿಜ ಬರೀತಾರೆ. ಎಲ್ಲರ ಮುಂದೂ ಹೇಳ್ತಾರೆ. ಆಣೆಗೂ.’

ಭಾನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಪೆನ್ನು ನೋಡಿದಳು. ತೊಡೆಯಿಂದ ಇಳಿದು, ಗೆಜ್ಜೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ತಾನೇ ಆ ಗಾಯದ ಮೇಲೆ ಮುಚ್ಚಿಕೊಂಡಳು.

‘ಗೆಜ್ಜೆ ಬಿಗಿ ಮಿಸ್’ ಎಂದಳು. ‘ಕ್ಷೇಮ ಅಂತ ಬರ್ಕೊಳ್ಳಿ.’